ಬಿಸಿಯಾದ ಮೇಲೆ ಪದ್ಮಿನಿ ಸ್ಟಾರ್ಟ್ ಆಗುತ್ತಿಲ್ಲ, ಅನುಭವ ಇದ್ದವರು ಹೇಳಿ

ತುಮಕೂರು ಪದ್ಮಿನಿ:
1988ರ ಪ್ರೀಮಿಯರ್ ಪದ್ಮಿನಿ, ಮಾವನವರ ಕಾಲದ್ದು. ಬೆಳಿಗ್ಗೆ ಚೋಕ್ ಎಳೆದು ಕೀ ತಿರುಗಿಸಿದರೆ ಸೆಲ್ಫ್ (ಸ್ಟಾರ್ಟರ್ ಮೋಟಾರ್) ಅರ್ಧ ತಿರುಗುವಷ್ಟರಲ್ಲೇ ಎದ್ದುಬಿಡುತ್ತದೆ. ಪೇಟೆಗೆ ಹೋಗಿ, ತರಕಾರಿ ತಗೊಂಡು ವಾಪಸ್ ಬಂದು ಕೂತರೆ ಸತ್ತಿರುತ್ತದೆ. ಸೆಲ್ಫ್ ಚೆನ್ನಾಗಿಯೇ ತಿರುಗುತ್ತದೆ, ಎಂಜಿನ್ ಹಿಡಿಯುವುದಿಲ್ಲ. ಅರ್ಧ ಗಂಟೆ ಬಿಟ್ಟರೆ ಏನೂ ಆಗೇ ಇಲ್ಲ ಅನ್ನೋ ಹಾಗೆ ಸ್ಟಾರ್ಟ್. ಪೆಟ್ರೋಲ್ ವಾಸನೆ ಬರುವುದಿಲ್ಲ. ಕಾರ್ಬೊರೇಟರ್ (ಪೆಟ್ರೋಲನ್ನು ಗಾಳಿಗೆ ಬೆರೆಸುವ ಭಾಗ) ಹೋಗಿದೆ, ಹೊಸದಕ್ಕೆ 9,000 ಆಗುತ್ತದೆ ಅಂತ ಮೆಕ್ಯಾನಿಕ್ ಹೇಳುತ್ತಾರೆ. ಹಾಕಿಸಲಾ?

ದಾವಣಗೆರೆ 1100:
ಹಾಕಿಸಬೇಡಿ. ಮೊದಲು ನನ್ನ ಕಥೆ ಕೇಳಿ. ನನ್ನದೂ ಪದ್ಮಿನಿ, 1985ರದ್ದು. ಇದೇ ರೋಗ. ಗ್ಯಾರೇಜಿನವರು ಕಾರ್ಬೊರೇಟರ್ ಕಿಟ್ ಹಾಕಿದರು, 650. ಕಾರ್ಬೊರೇಟರಿಗೆ ಬರುವ ಪೆಟ್ರೋಲನ್ನು ಬಿಟ್ಟು ತಡೆಯುವ ನೀಡಲ್ ವಾಲ್ವ್ ಬೇರೆ, 280. ಏನೂ ಆಗಲಿಲ್ಲ. ಟ್ಯಾಂಕಿಂದ ಪೆಟ್ರೋಲ್ ಎಳೆಯುವ ಪಂಪಿನ ಡಯಾಫ್ರಾಂ (ಒಳಗಿನ ಪರದೆ) ಗಟ್ಟಿಯಾಗಿದೆ ಅಂತ ಪಂಪನ್ನೇ ಬದಲಾಯಿಸಿದರು, 1,400. ಆಮೇಲೆ ಟ್ಯಾಂಕ್ ಇಳಿಸಿ ತೊಳೆದರು. ಅದಕ್ಕೆ ಕೂಲಿ 1,800, ಒಳಗೆ ಒಂದು ಚೂರು ತುಕ್ಕಿರಲಿಲ್ಲ. ಆಮೇಲೆ ಕಿಡಿಗೆ ಹೈ ವೋಲ್ಟೇಜ್ ಕೊಡುವ ಕಾಯಿಲ್, 1,150.

ಕೊನೆಗೆ ಹರಿಹರದ ಒಬ್ಬ ವಯಸ್ಸಾದ ಮೇಸ್ತ್ರಿ ಬಂದರು. ಗಾಡಿ ಬಿಸಿ ಇದ್ದಾಗಲೇ ಡೆಲ್ಕೊ (ಪ್ಲಗ್ಗುಗಳಿಗೆ ಕರೆಂಟ್ ಹಂಚುವ ಡಿಸ್ಟ್ರಿಬ್ಯೂಟರ್) ಕ್ಯಾಪ್ ತೆಗೆದರು. ಇಗ್ನಿಷನ್ ಆನ್ ಮಾಡಿಸಿ, ಸ್ಕ್ರೂಡ್ರೈವರಿನಲ್ಲಿ ಪಾಯಿಂಟ್ (ಕಾಯಿಲಿನ ಕರೆಂಟ್ ಕಡಿಯುವ ಸಣ್ಣ ಸ್ವಿಚ್) ಬಿಡಿಸಿ ತೋರಿಸಿದರು. ಪಾಯಿಂಟಿನ ಬಾಯಲ್ಲೇ ದೊಡ್ಡ ಕಿಡಿ. ಪ್ಲಗ್ಗಿನಲ್ಲಿ ಮಾತ್ರ ಹಳದಿ ಬಣ್ಣದ ಸೋತ ಕಿಡಿ. ಕಂಡೆನ್ಸರ್! ಪಾಯಿಂಟಿನ ಬಾಯಲ್ಲಿ ಕಿಡಿ ಹಾರದಂತೆ ತಡೆಯುವ ಪುಟ್ಟ ಡಬ್ಬಿ. ತಣ್ಣಗಿದ್ದಾಗ ಕೆಲಸ ಮಾಡುತ್ತದೆ, ಕಾದರೆ ಒಳಗೆ ಲೀಕ್ ಆಗುತ್ತದೆ. ಬೆಲೆ 120. ಅದಕ್ಕೂ ಮುಂಚೆ ಸುರಿದಿದ್ದು ಕೂಡಿಸಿ ನೋಡಿ, 5,280. ಆ ಗ್ಯಾರೇಜಿನವರು ನನ್ನ ಹಳೇ ಪಂಪನ್ನೂ ವಾಪಸ್ ಕೊಡಲಿಲ್ಲ.

ಅಂಬಿ ಮೈಸೂರು:
ಎಲ್ಲಾ ಕಾಯಿಲೆಗೂ ಕಂಡೆನ್ಸರ್ ಅನ್ನುವವರು ಊರಿಗೊಬ್ಬರು ಇರುತ್ತಾರೆ. ಇದು ಏರ್ ಲಾಕ್ ಸ್ವಾಮಿ, ಬಿಸಿಗೆ ಪೆಟ್ರೋಲ್ ದಾರಿಯಲ್ಲೇ ಆವಿಯಾಗಿ ಹರಿವು ನಿಲ್ಲುವುದು. ನನ್ನ ಅಂಬಾಸಿಡರಿನಲ್ಲಿ (ಹಳೇ 1489 ಸಿಸಿ ಎಂಜಿನ್, ಆಮೇಲೆ ಬಂದ ಇಸುಜು ಎಂಜಿನ್ ಅಲ್ಲ) ಕಾರ್ಬೊರೇಟರ್ ಕೂತಿರುವುದೇ ಎಕ್ಸಾಸ್ಟ್ ತಲೆ ಮೇಲೆ. ಏಪ್ರಿಲ್ ತಿಂಗಳು, ಗುಂಡ್ಯ ದಾಟಿ ಶಿರಾಡಿ ಘಾಟಿ ಹತ್ತುತ್ತಿದ್ದೆವು. ಲಾರಿ ಹಿಂದೆ ಫಸ್ಟ್ ಗೇರಿನಲ್ಲಿ ತೆವಳಿ ತೆವಳಿ ನಡುದಾರಿಯಲ್ಲಿ ನಿಂತಿತು. ಒಳಗೆ ಮನೆಯವರು, ಅತ್ತೆ, ಎರಡು ಹಲಸಿನ ಹಣ್ಣು. ಹಿಂದೆ ಬಸ್ಸಿನವನ ಹಾರ್ನ್. ಪಂಪಿನ ಮೇಲೆ ಒದ್ದೆ ಟವೆಲ್ ಹಾಕಿ ಕಾದಿದ್ದಾಯಿತು. ಅತ್ತೆ ಅವತ್ತು ಆಡಿದ ಮಾತು ಇಲ್ಲಿ ಬರೆಯುವ ಹಾಗಿಲ್ಲ.

ಊರಿಗೆ ಬಂದ ತಕ್ಷಣ ಟ್ಯಾಂಕ್ ಪಕ್ಕ ಎಲೆಕ್ಟ್ರಿಕ್ ಪಂಪ್ ಹಾಕಿಸಿದೆ. ಪಂಪ್ 1,950, ವೈರಿಂಗ್ ಮತ್ತು ಕೂಲಿ 600. ಕಾರ್ಬೊರೇಟರ್ ಕೆಳಗೆ ದಪ್ಪ ಫೈಬರ್ ಪ್ಯಾಕಿಂಗ್ 90. ಅಲ್ಲಿಂದ ಇಲ್ಲಿವರೆಗೆ ಘಾಟಿಯಲ್ಲಿ ನಿಂತಿಲ್ಲ.

ಹುಬ್ಬಳ್ಳಿ ಹೆರಾಲ್ಡ್:
ಎಲೆಕ್ಟ್ರಿಕ್ ಪಂಪ್ ಹಾಕಿಸಿ ಅಂತ ಸುಮ್ನೆ ಹೇಳಿಬಿಟ್ಟರೆ ಆಯಿತಾ? ಈ ಕಾರ್ಬೊರೇಟರುಗಳ ನೀಡಲ್ ತಡೆಯುವುದು ಮೂರು ಪಿಎಸ್ಐ (ಒತ್ತಡದ ಅಳತೆ) ಆಸುಪಾಸು. ಅಂಗಡಿಯವನು ಇಂಜೆಕ್ಷನ್ ಗಾಡಿಯ (ಕಾರ್ಬೊರೇಟರ್ ಇಲ್ಲದ್ದು) ಪಂಪ್ ಕೊಟ್ಟರೆ ಅದರ ಒತ್ತಡ ನಲವತ್ತರ ಮೇಲೆ. ನೀಡಲ್ ಬಿಟ್ಟುಕೊಂಡು ಪೆಟ್ರೋಲ್ ಕಾರ್ಬೊರೇಟರಿಂದ ಹೊರಗೆ ಸುರಿಯುತ್ತದೆ. ಎಲ್ಲಿಗೆ? ನೀವೇ ಹೇಳಿದ ಆ ಎಕ್ಸಾಸ್ಟ್ ಮೇಲೆ. ಇನ್ನೊಂದು ವಿಷಯ. ಇಗ್ನಿಷನ್ ಆನ್ ಇದ್ದು ಎಂಜಿನ್ ನಿಂತರೂ ಪಂಪ್ ಓಡುತ್ತಲೇ ಇರುತ್ತದೆ. ಆಕ್ಸಿಡೆಂಟ್ ಆದರೆ ಪಂಪ್ ಬಂದ್ ಆಗುವ ಸ್ವಿಚ್ ಹಾಕಿಸಿದ್ದೀರಾ ಅಂಬಿಯವರೇ?

ಅಂಬಿ ಮೈಸೂರು:
ಹೆರಾಲ್ಡ್ ಕಾರನ್ನು ಶೆಡ್ಡಿನಲ್ಲಿಟ್ಟು ಒರೆಸುವವರು ಘಾಟಿಯ ಬಗ್ಗೆ ಪಾಠ ಹೇಳಬೇಡಿ. ನನ್ನದು ಕಾರ್ಬೊರೇಟರ್ ಗಾಡಿಗೇ ಮಾಡಿದ ಪಂಪ್.

ಹುಬ್ಬಳ್ಳಿ ಹೆರಾಲ್ಡ್:
ಸ್ವಿಚ್ ಇದೆಯಾ ಅಂತ ಕೇಳಿದೆ. ಉತ್ತರ ಬರಲಿಲ್ಲ.

ಶಿವಮೊಗ್ಗ 800:
ಇಬ್ಬರೂ ಜಗಳ ನಿಲ್ಲಿಸಿ. ಮೂಲ ಕಾರಣ ಪೆಟ್ರೋಲಿನಲ್ಲೇ ಇದೆ. ಅಪ್ಪಾಜಿಯ 1992ರ ಮಾರುತಿ ನಾನೇ ಓಡಿಸುತ್ತೇನೆ. ಈಗ ಬಂಕಿನಲ್ಲಿ ಸಿಗುವುದು 20% ಎಥನಾಲ್ ಬೆರೆಸಿದ್ದು. ಹಳೇ ರಬ್ಬರ್ ಪೈಪಿಗೆ ಅದು ಆಗಿಬರುವುದಿಲ್ಲ. ನನ್ನ ಗಾಡಿಯ ಪೈಪ್ ಹೊರಗಿಂದ ನೋಡಿದರೆ ಹೊಸದು, ಕತ್ತರಿಸಿ ನೋಡಿದರೆ ಒಳಗೆಲ್ಲಾ ಮೆತ್ತಗಾಗಿ ಸಿಪ್ಪೆ ಎದ್ದಿತ್ತು. ಆ ಕಪ್ಪು ಚೂರೆಲ್ಲಾ ಕಾರ್ಬೊರೇಟರಿನಲ್ಲಿ ಪೆಟ್ರೋಲ್ ನಿಲ್ಲುವ ಫ್ಲೋಟ್ ಬಟ್ಟಲಲ್ಲಿ, ಪೆಟ್ರೋಲ್ ಹಾಯುವ ಸಣ್ಣ ತೂತು ಜೆಟ್ಟಿನಲ್ಲಿ. ಎಥನಾಲ್ ತಡೆಯುವ ಪೈಪ್ 3 ಮೀಟರಿಗೆ 960, ಕ್ಲಿಪ್ಪುಗಳು 140, ಫಿಲ್ಟರ್ 85, ಕಾರ್ಬೊರೇಟರ್ ಸರ್ವಿಸ್ 700. ತಿಂಗಳುಗಟ್ಟಲೆ ನಿಲ್ಲಿಸಿದರೆ ಎಥನಾಲ್ ನೀರು ಬೇರೆ ಎಳೆದುಕೊಳ್ಳುತ್ತದೆ. ಗಾಡಿ ಇಟ್ಟುಕೊಂಡವರು ಓಡಿಸಬೇಕು, ಅಷ್ಟೇ.

ಅಂಬಿ ಮೈಸೂರು:
ಮಾರುತಿ 800 ಯಾವಾಗ ಕ್ಲಾಸಿಕ್ ಆಯಿತು ಮೇಡಂ?

ಶಿವಮೊಗ್ಗ 800:
ಮೂವತ್ತು ವರ್ಷ ದಾಟಿದೆ, ಚೋಕ್ ಇದೆ, ಕಾರ್ಬೊರೇಟರ್ ಇದೆ. ಘಾಟಿಯಲ್ಲಿ ಟವೆಲ್ ಕೇಳುವುದಿಲ್ಲ, ಅದೊಂದೇ ಕೊರತೆ.

ತುಮಕೂರು ಪದ್ಮಿನಿ:
ಎಲ್ಲರಿಗೂ ಥ್ಯಾಂಕ್ಸ್. ಇವತ್ತು ನಿಂತಾಗ ಏರ್ ಕ್ಲೀನರ್ ತೆಗೆದು ಕಾರ್ಬೊರೇಟರ್ ಒಳಗೆ ಇಣುಕಿದೆ. ಆಕ್ಸಿಲರೇಟರ್ ಎಳೆದರೆ ಪೆಟ್ರೋಲ್ ಚಿರ್ ಅಂತ ಚಿಮ್ಮುತ್ತದೆ. ಹಾಗಾದರೆ ಪೆಟ್ರೋಲ್ ಬರುತ್ತಿದೆ ಅಂತ ತಾನೇ? ಏರ್ ಲಾಕ್ ಅಲ್ಲ ಅಲ್ವಾ?

ಬೆಂಗಳೂರು 118:
ಪಾಯಿಂಟ್, ಕಂಡೆನ್ಸರ್ ಎರಡನ್ನೂ ಕಿತ್ತು ಎಲೆಕ್ಟ್ರಾನಿಕ್ ಇಗ್ನಿಷನ್ ಹಾಕಿಸಿ. ನನಗೆ 4,200 ಆಯಿತು. ಪಾಯಿಂಟಿನ ಗ್ಯಾಪ್ ಅಳೆಯುವ ತಲೆನೋವೇ ಇಲ್ಲ.

ದಾವಣಗೆರೆ 1100:
ಆ ಮಾಡ್ಯೂಲ್ ರಾತ್ರಿ ಹನ್ನೆರಡಕ್ಕೆ ಹಿರಿಯೂರಿನಲ್ಲಿ ಸುಟ್ಟರೆ ಯಾರು ಕೊಡುತ್ತಾರೆ? ಪಾಯಿಂಟ್ ಆದರೆ ಉಜ್ಜುವ ಕಾಗದದಲ್ಲಿ ತಿಕ್ಕಿ ಮನೆ ಸೇರಬಹುದು.

ತುಮಕೂರಿನವರೇ, ಪೆಟ್ರೋಲ್ ಚಿಮ್ಮಿತಲ್ಲ, ಇನ್ನು ಬಿಸಿಯಲ್ಲೇ ಕಿಡಿ ನೋಡಿ. ಮೊದಲು ಏರ್ ಕ್ಲೀನರ್ ಮುಚ್ಚಿ, ಚೆಲ್ಲಿದ ಪೆಟ್ರೋಲ್ ಆರಲಿ. ಆಮೇಲೆ ಕಂಡೆನ್ಸರ್ ಬದಲಾಯಿಸಿ. ಆದರೆ ಹೊಳೆಯುವ ಹೊಸ ಮಾಲು ನಂಬಬೇಡಿ. ಬೆಂಗಳೂರಿನ ಜೆ.ಸಿ. ರೋಡಿನ ಒಂದು ಅಂಗಡಿಯಲ್ಲಿ ತಂದಿದ್ದು ಸಿರಾ ದಾಟುವುದರೊಳಗೆ ಸತ್ತಿತು. ಹಳೇ ಸ್ಟಾಕ್ ಇದ್ದರೆ ಎರಡು ತಗೊಳ್ಳಿ.

ಬೆಂಗಳೂರು 118:
ಕಂಡೆನ್ಸರ್ ಸಿರಾ ದಾಟುವುದಿಲ್ಲ, ಆದರೂ ಪಾಯಿಂಟೇ ಒಳ್ಳೆಯದು! ಇದು ಯಾವ ನ್ಯಾಯ?

ಹುಬ್ಬಳ್ಳಿ ಹೆರಾಲ್ಡ್:
ದಾವಣಗೆರೆ ಸರ್, ನಿಮ್ಮ ಹಳೇ ಕಾಯಿಲ್ ಸರಿಯಾಗಿಯೇ ಇತ್ತು ಅಂದ ಹಾಗಾಯಿತು. ಅದು ಇದ್ದರೆ ಕೊಡುತ್ತೀರಾ?

ದಾವಣಗೆರೆ 1100:
400. ಕೊರಿಯರ್ ನಿಮ್ಮದೇ.

ಅಂಬಿ ಮೈಸೂರು:
ನಾನು 450 ಕೊಡುತ್ತೇನೆ.