ಸಹಾಯ ಬೇಕು: ಯರವ, ಜೇನು ಕುರುಬರ ಚಿತ್ರಣದ ಬಗ್ಗೆ ಎಲ್ಲಿ ಓದಲಿ?

ಎಲ್ಲರಿಗೂ ನಮಸ್ಕಾರ. ನಾನು ಕೊಡಗಿನ ಗೋಣಿಕೊಪ್ಪದವಳು, ಸಮಾಜಶಾಸ್ತ್ರದಲ್ಲಿ ಎಂಎ ಓದುತ್ತಿದ್ದೇನೆ. ನಮ್ಮ ಕಡೆಯ ಬುಡಕಟ್ಟು ಸಮುದಾಯಗಳಾದ ಯರವ, ಜೇನು ಕುರುಬರ ಹಾಡು, ಕುಣಿತ, ವೇಷವನ್ನು ಪ್ರವಾಸಿಗರ ಮನರಂಜನೆಗೆ ಬೇರೆಯವರು ಬಳಸುವುದು ನನ್ನ ಕಿರುಪ್ರಬಂಧದ ವಿಷಯ. ಮೈಗೆ ಮಸಿ ಬಳಿದು, ಸೊಪ್ಪು ಸುತ್ತಿ 'ಕಾಡು ಜನ' ಅಂತ ಕುಣಿಯುವುದನ್ನು ನೋಡಿದರೆ ತುಂಬಾ ಸಂಕಟ ಆಗುತ್ತದೆ. ಆ ಸಮುದಾಯದ ಮಕ್ಕಳೂ ಅದನ್ನು ನೋಡುತ್ತಾರೆ ಅಲ್ವಾ?

ರಿಕ್ಟರ್ ಬರೆದ 1870ರ ಕೊಡಗಿನ ಕೈಪಿಡಿ, ದಕ್ಷಿಣ ಭಾರತದ ಜಾತಿ, ಬುಡಕಟ್ಟುಗಳ ಬಗ್ಗೆ ಥರ್ಸ್ಟನ್ 1909ರಲ್ಲಿ ತಂದ ಏಳು ಸಂಪುಟ ಓದುತ್ತಿದ್ದೇನೆ. ಥರ್ಸ್ಟನ್ ಜನರ ತಲೆ, ಮೂಗು ಅಳೆದು ಲೆಕ್ಕ ಬರೆದಿಟ್ಟವರು. ಹಳೆಯ ಪೂರ್ವಗ್ರಹ ಎಲ್ಲಿಂದ ಬಂತು ಅಂತ ತೋರಿಸಲು ಇವು ಸಾಕು. ಸಮಾಜಶಾಸ್ತ್ರಜ್ಞ ಎಂ.ಎನ್. ಶ್ರೀನಿವಾಸರ 1952ರ ಪುಸ್ತಕ ಮುಖ್ಯವಾಗಿ ಕೊಡವರ ಬಗ್ಗೆ. ನನಗೆ ಈಗಿನ ಅಧ್ಯಯನಗಳು ಬೇಕು. ಆ ಸಮುದಾಯದವರೇ ಬರೆದದ್ದು ಇದ್ದರೆ ಅದೇ ಮೊದಲು ಬೇಕು.

ಪಿಎಚ್‌ಡಿ ಪ್ರಬಂಧಗಳ ಜಾಲತಾಣ ಶೋಧಗಂಗಾದಲ್ಲಿ 'ಬುಡಕಟ್ಟು' ಅಂತ ಹುಡುಕಿದರೆ ಆರೋಗ್ಯ, ಶಿಕ್ಷಣದ ಪ್ರಬಂಧಗಳೇ ಜಾಸ್ತಿ ಬರುತ್ತಿವೆ. ಯಾವ ಪದಗಳನ್ನು ಹಾಕಿ ಹುಡುಕಲಿ? ಸಂಶೋಧನಾ ಪತ್ರಿಕೆಗಳ ಜಾಲತಾಣ ಜೆಸ್ಟೋರ್‌ನ ಲೇಖನಗಳು ನಮ್ಮ ಕಾಲೇಜಿನಲ್ಲಿ ತೆರೆಯುತ್ತಿಲ್ಲ. ಮೈಸೂರು ವಿಶ್ವವಿದ್ಯಾಲಯದ ಗ್ರಂಥಾಲಯದಲ್ಲಿ ಹೊರಗಿನ ವಿದ್ಯಾರ್ಥಿಗಳು ಕೂತು ಓದಲು ಯಾವ ಪತ್ರ ಬೇಕು? ಅಲ್ಲಿ ಓದಿದವರು ಯಾರಾದರೂ ಇದ್ದರೆ ದಯವಿಟ್ಟು ತಿಳಿಸಿ.