ಕನ್ನಡ ತರಗತಿ ನಿಲ್ಲಿಸುವ ತೀರ್ಮಾನದಲ್ಲಿ ಹೆತ್ತವರ ಮಾತಿಗೆ ಬೆಲೆಯಿದೆಯೇ?

ಬದಿಯಡ್ಕದ ಪೋಷಕ:
ಕೇರಳದ ಕಾಸರಗೋಡು ಜಿಲ್ಲೆಯಲ್ಲಿರುವ ನಮ್ಮೂರ ಅನುದಾನಿತ ಶಾಲೆಯಲ್ಲಿ ಮುಂದಿನ ವರ್ಷದಿಂದ ಒಂದನೇ ತರಗತಿಗೆ ಇಂಗ್ಲಿಷ್ ಮಾಧ್ಯಮ ಮಾತ್ರ ಇರುತ್ತದೆ ಎಂಬ ಚೀಟಿಯನ್ನು ಮಕ್ಕಳ ಡೈರಿಯಲ್ಲಿ ಅಂಟಿಸಿ ಕಳುಹಿಸಿದ್ದಾರೆ. ರಕ್ಷಕ-ಶಿಕ್ಷಕ ಸಂಘದ ಮಹಾಸಭೆಯಲ್ಲಿ ಈ ವಿಷಯ ಬರಲೇ ಇಲ್ಲ. ಅಂದು ಚರ್ಚೆಯಾದದ್ದು ವಾರ್ಷಿಕೋತ್ಸವದ ಖರ್ಚು ಮತ್ತು ಶಾಲಾ ಬಸ್ಸಿನ ಬಾಡಿಗೆ ಮಾತ್ರ. ವಿಚಾರಿಸಿದರೆ, ಅದು ಶಾಲೆ ನಡೆಸುವ ಮ್ಯಾನೇಜರರ ತೀರ್ಮಾನ ಎಂದು ಮುಖ್ಯೋಪಾಧ್ಯಾಯರು ಕೈಚೆಲ್ಲುತ್ತಾರೆ. ಮಗನನ್ನು ಕನ್ನಡ ಮಾಧ್ಯಮಕ್ಕೇ ಸೇರಿಸಬೇಕೆಂದಿರುವ ನಾನು ಯಾರನ್ನು ಕೇಳಬೇಕು?

ನಿವೃತ್ತ ಅಧ್ಯಾಪಕ, ಕುಂಬಳೆ:
2009ರ ಶಿಕ್ಷಣ ಹಕ್ಕು ಕಾಯ್ದೆಯ 21ನೇ ಸೆಕ್ಷನ್ ಪ್ರಕಾರ ಸರಕಾರಿ ಮತ್ತು ಅನುದಾನಿತ ಶಾಲೆಗಳಲ್ಲಿ ಆಡಳಿತ ಸಮಿತಿ ಇರಲೇಬೇಕು. ಅದರ ಮುಕ್ಕಾಲು ಪಾಲು ಸದಸ್ಯರು ಹೆತ್ತವರು ಅಥವಾ ಪೋಷಕರಾಗಿರಬೇಕು, ಒಟ್ಟು ಸದಸ್ಯರಲ್ಲಿ ಅರ್ಧದಷ್ಟು ಮಹಿಳೆಯರಿರಬೇಕು. ಆದರೆ 2012ರ ತಿದ್ದುಪಡಿಯ ನಂತರ ಅನುದಾನಿತ ಶಾಲೆಗಳಲ್ಲಿ ಈ ಸಮಿತಿಯದ್ದು ಸಲಹೆಯ ಪಾತ್ರವಷ್ಟೇ. ಹಾಗೆಂದು ಮ್ಯಾನೇಜರರು ಯಾರಿಗೂ ಉತ್ತರ ಕೊಡಬೇಕಾಗಿಲ್ಲ ಎಂದೇನೂ ಅಲ್ಲ. ಅಧ್ಯಾಪಕರನ್ನು ನೇಮಿಸುವುದು ಅವರಾದರೂ ಸಂಬಳ ಬರುವುದು ಸರಕಾರದ ಖಜಾನೆಯಿಂದ. ಭಾಷಾ ಅಲ್ಪಸಂಖ್ಯಾತ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷಾ ಶಿಕ್ಷಣದ ಸೌಲಭ್ಯ ಒದಗಿಸಲು ರಾಜ್ಯವು ಪ್ರಯತ್ನಿಸಬೇಕೆಂದು ಸಂವಿಧಾನದ 350ಎ ವಿಧಿಯೂ ಹೇಳುತ್ತದೆ. ಮಾಧ್ಯಮ ಬದಲಿಸಲು ಇಲಾಖೆಯ ಅನುಮತಿ ಸಿಕ್ಕಿದೆಯೇ ಎಂದು ಉಪಜಿಲ್ಲಾ ಶಿಕ್ಷಣಾಧಿಕಾರಿಯವರನ್ನು ಲಿಖಿತವಾಗಿ ಕೇಳಿ.

ಮಂಜೇಶ್ವರದ ತಾಯಿ:
ನಾನು ಸರಕಾರಿ ಶಾಲೆಯೊಂದರ ಸಮಿತಿಯಲ್ಲಿದ್ದೆ. ಮೊದಲ ಸಭೆಯ ಕೊನೆಗೆ ಮಿನಿಟ್ಸ್ ಪುಸ್ತಕ ನನ್ನ ಕೈಗೆ ಬಂದಾಗ ಪುಟದ ಮೇಲ್ಭಾಗ ಖಾಲಿಯಿತ್ತು, ಕೆಳಗೆ ಆಗಲೇ ಏಳೆಂಟು ಸಹಿಗಳಿದ್ದವು. ನಿರ್ಣಯವನ್ನು ಆಮೇಲೆ ಬರೆಯುತ್ತೇವೆ ಎಂದರು. ನಾನು ಸಹಿ ಹಾಕದೆ ಕುಳಿತದ್ದರಿಂದ ಅಲ್ಲಿಯೇ ಬರೆಯಬೇಕಾಯಿತು, ಚಹಾ ಮಾತ್ರ ಆರಿಹೋಯಿತು! ಸಭೆಯಲ್ಲಿ ಎಷ್ಟು ಗಟ್ಟಿಯಾಗಿ ಮಾತಾಡಿದರೂ ಪುಸ್ತಕದಲ್ಲಿ ಇಲ್ಲದ್ದು ಮುಂದೆ ಲೆಕ್ಕಕ್ಕೆ ಬರುವುದಿಲ್ಲ. ಆದ್ದರಿಂದ ಆ ತೀರ್ಮಾನ ಯಾವ ಸಭೆಯಲ್ಲಾಯಿತು, ಯಾರು ಹಾಜರಿದ್ದರು ಎಂಬುದರ ಪ್ರತಿಯನ್ನು ಮಾಹಿತಿ ಹಕ್ಕು ಕಾಯ್ದೆಯಡಿ ಕೇಳಿರಿ. 30 ದಿನಗಳೊಳಗೆ ಉತ್ತರ ಕೊಡಬೇಕು.

ಮುಳ್ಳೇರಿಯದ ಓದುಗ:
ಕಾನೂನಿನ ಮಾತು ಸರಿಯೇ, ಆದರೆ ಮ್ಯಾನೇಜರರನ್ನಷ್ಟೇ ದೂರುವುದು ನ್ಯಾಯವಲ್ಲ. ಸಭೆಯಲ್ಲಿ ಕನ್ನಡ ಉಳಿಯಬೇಕೆಂದು ಭಾಷಣ ಮಾಡಿ, ಮನೆಗೆ ಹೋಗಿ ಇಂಗ್ಲಿಷ್ ಮಾಧ್ಯಮದ ಅರ್ಜಿ ತುಂಬಿಸುವ ನಮ್ಮವರನ್ನು ಸಾಕಷ್ಟು ಕಂಡಿದ್ದೇನೆ. ಕೇರಳದಲ್ಲಿ ಜೂನ್ ತಿಂಗಳ ಆರನೇ ಕೆಲಸದ ದಿನದಂದು ತೆಗೆಯುವ ಮಕ್ಕಳ ಲೆಕ್ಕವೇ ಅಧ್ಯಾಪಕ ಹುದ್ದೆಗಳಿಗೆ ಆಧಾರ. ಅಂದು ಕನ್ನಡ ತರಗತಿಯಲ್ಲಿ ಮಕ್ಕಳಿಲ್ಲದಿದ್ದರೆ ಯಾವ ಸಮಿತಿಯ ನಿರ್ಣಯವೂ ಹುದ್ದೆಯನ್ನು ಉಳಿಸಲಾರದು. ಮೊದಲು ಅಂಗನವಾಡಿಯ ಮಕ್ಕಳ ಹೆತ್ತವರನ್ನು ಕಂಡು, ಕನ್ನಡಕ್ಕೇ ಸೇರಿಸುತ್ತೇವೆ ಎನ್ನುವವರ ಸಹಿ ಪಡೆದು, ಅದರ ಒಂದು ಪ್ರತಿಯನ್ನು ಪಂಚಾಯತ್ ವಾರ್ಡ್ ಸದಸ್ಯರಿಗೂ ಕೊಡಿ.

ಬದಿಯಡ್ಕದ ಪೋಷಕ:
ಈ ಭಾನುವಾರವೇ ಅಂಗನವಾಡಿ ಮಕ್ಕಳ ಮನೆಗಳಿಗೆ ಹೋಗುತ್ತೇನೆ. ಮಾಹಿತಿ ಹಕ್ಕಿನ ಅರ್ಜಿಯ ಕರಡನ್ನು ಇಲ್ಲಿ ಹಾಕಿದರೆ ಕುಂಬಳೆಯ ಮಾಸ್ತರರು ಒಮ್ಮೆ ನೋಡಿ ಕೊಡಬಹುದೇ?