ಬಿ ಬ್ಲಾಕ್‌ನಲ್ಲಿ ಸಿಗ್ನಲ್ ಇಲ್ಲ: ಈ ಸಲ ಎಲ್ಲರೂ ಸೇರಿ ಏನಾದರೂ ಮಾಡೋಣ

ಬಿ-304
ಎಲ್ಲರಿಗೂ ನಮಸ್ಕಾರ. ಮೊನ್ನೆ ರಾತ್ರಿ ಒಂದೂವರೆಗೆ ನಮ್ಮ ಮಾವನವರಿಗೆ ಎದೆನೋವು ಬಂತು. 108ಕ್ಕೆ ಫೋನ್ ಮಾಡೋಣ ಅಂದರೆ ಮೊಬೈಲಿನಲ್ಲಿ ಒಂದು ಕಡ್ಡಿಯೂ ಇಲ್ಲ. ಬಾಲ್ಕನಿಗೆ ಓಡಿ, ಗ್ರಿಲ್‌ಗೆ ಮುಖ ಒತ್ತಿಕೊಂಡು ನಿಂತಾಗ ಕರೆ ಹೋಯಿತು. ಆಂಬುಲೆನ್ಸ್ ಬೇಸ್‌ಮೆಂಟಿಗೆ ಇಳಿದ ಕೂಡಲೇ ಡ್ರೈವರ್ ಫೋನೂ ಕಟ್. ಯಜಮಾನರು ಮೆಟ್ಟಿಲಿಳಿದು ಹೋಗಿ ಕರೆತಂದರು. ಮಾವ ಈಗ ಚೆನ್ನಾಗಿದ್ದಾರೆ. ಆದರೆ ಇದು ಇನ್ನೊಂದು ಮನೆಯಲ್ಲಿ ಆಗಬಾರದು. ದಯವಿಟ್ಟು ಈ ವಿಷಯವನ್ನು ಇಲ್ಲಿಗೇ ಬಿಡಬೇಡಿ.

ಬಿ-702
ಅಕ್ಕಾ, ಓದಿ ಕೈ ನಡುಗಿತು. ನಮ್ಮ ಮನೆಯಲ್ಲೂ ಓಟಿಪಿ ಬರಬೇಕಂದರೆ ಅಡುಗೆಮನೆ ಕಿಟಕಿ ಹತ್ತಿರ ನಿಲ್ಲಬೇಕು. ಆನ್‌ಲೈನಿನಲ್ಲಿ ಸಿಗ್ನಲ್ ಬೂಸ್ಟರ್ ಸಿಗುತ್ತದಂತೆ. ನಾಲ್ಕು ಮನೆಯವರು ಸೇರಿ ತರಿಸೋಣವಾ?

ಎ-1102
ಬೂಸ್ಟರ್ ಬೇಡಮ್ಮ. ನಾನು ಟೆಲಿಕಾಂನಲ್ಲಿ ಕೆಲಸ ಮಾಡಿ ನಿವೃತ್ತನಾದವನು. ಲೈಸೆನ್ಸ್ ಇಲ್ಲದೆ ಅದನ್ನು ಹಾಕುವುದು ಕಾನೂನುಬಾಹಿರ. ಜೊತೆಗೆ ಅದರ ಗದ್ದಲ ಟವರಿಗೇ ತಲುಪಿ, ಸುತ್ತಲಿನವರ ಕರೆಗಳೂ ಕೆಡುತ್ತವೆ.

ಟವರ್ ಇರುವುದು ಮೇನ್ ರೋಡಿನಲ್ಲಿ. ನಡುವೆ ಕಾಂಕ್ರೀಟ್ ಗೋಡೆ, ಜೊತೆಗೆ ಬಿಸಿಲು ತಡೆಯಲು ಲೋಹದ ಲೇಪ ಕೊಟ್ಟಿರುವ ಕಿಟಕಿ ಗಾಜು. ರೇಡಿಯೋ ಅಲೆಗೆ ಈ ಗಾಜೂ ಒಂದು ಗೋಡೆಯೇ. 5ಜಿಯ 3.5 ಗಿಗಾಹರ್ಟ್ಸ್ ಅಲೆ ಒಳಗೆ ಬರುವುದಂತೂ ಇನ್ನೂ ಕಷ್ಟ.

ಇದಕ್ಕೆ ಸರಿಯಾದ ದಾರಿ ಡಿಎಎಸ್, ಅಂದರೆ ಹಂಚಿಟ್ಟ ಆಂಟೆನಾಗಳ ವ್ಯವಸ್ಥೆ. ಹನಿ ನೀರಾವರಿ ನೋಡಿದ್ದೀರಲ್ವಾ? ದೂರದಿಂದ ಜೋರಾಗಿ ನೀರು ಎರಚುವ ಬದಲು ಪ್ರತಿ ಗಿಡದ ಬುಡಕ್ಕೂ ಪೈಪ್ ಎಳೆಯುತ್ತೇವೆ. ಇದೂ ಹಾಗೇ. ಮೊಬೈಲ್ ಕಂಪನಿಯ ಬೇಸ್ ಸ್ಟೇಷನ್ ಉಪಕರಣವನ್ನು, ಅಂದರೆ ಟವರಿನ ಕೆಲಸ ಮಾಡುವ ಪೆಟ್ಟಿಗೆಯನ್ನು, ಕೆಳಗೆ ಒಂದು ಕೋಣೆಯಲ್ಲಿ ಇಡುತ್ತಾರೆ. ಅಲ್ಲಿಂದ ಕೇಬಲ್ ಅಥವಾ ಫೈಬರ್ ಡಕ್ಟಿನ ಮೂಲಕ ಮೇಲೇರುತ್ತದೆ. ಪ್ರತಿ ಮಹಡಿಯ ಕಾರಿಡಾರಿನಲ್ಲಿ, ಬೇಸ್‌ಮೆಂಟಿನಲ್ಲಿ, ಲಿಫ್ಟ್ ಮುಂದೆ ಅಂಗೈಯಷ್ಟು ಆಂಟೆನಾ ಕೂರುತ್ತದೆ. ಅಮೆರಿಕದ ಸಂಶೋಧನಾ ಸಂಸ್ಥೆ ಬೆಲ್ ಲ್ಯಾಬ್ಸ್‌ನವರು ಕಟ್ಟಡದ ಒಳಗೆ ಹೀಗೆ ಮಾಡಬಹುದೆಂದು 1987ರಲ್ಲೇ ಬರೆದಿದ್ದರು. ಹೊಸ ಪ್ರಯೋಗವೇನಲ್ಲ.

ಎ-105
ಅಣ್ಣಾ, ಮನೆಬಾಗಿಲಲ್ಲೇ ಆಂಟೆನಾ ಅಂದರೆ ಭಯ. ಪುಟ್ಟ ಮಗು ಇದೆ. ರೇಡಿಯೇಷನ್ ಜಾಸ್ತಿ ಆಗುವುದಿಲ್ಲವಾ?

ಎ-1102
ಕೇಳಿದ್ದು ಒಳ್ಳೆಯದಾಯಿತು. ಸಿಗ್ನಲ್ ಸಿಗದಿದ್ದಾಗ ನಮ್ಮ ಫೋನೇ ಶಕ್ತಿ ಏರಿಸಿಕೊಂಡು ಕೂಗುತ್ತದೆ. 4ಜಿಯಲ್ಲಿ ಸುಮಾರು 200 ಮಿಲಿವ್ಯಾಟ್‌ವರೆಗೆ, ಅದೂ ಕಿವಿಯ ಪಕ್ಕದಲ್ಲೇ. ಬ್ಯಾಟರಿ ಬೇಗ ಖಾಲಿಯಾಗುವುದೂ ಅದಕ್ಕೇ. ಆಂಟೆನಾ ಹತ್ತಿರವಿದ್ದರೆ ಫೋನ್ ಮೆಲ್ಲಗೆ ಮಾತಾಡಿದರೆ ಸಾಕು. ಹಾಗಂತ ಸುಮ್ನೆ ನನ್ನ ಮಾತು ನಂಬಬೇಡಿ. ಹಾಕಿದ ಮೇಲೆ ನಿಮ್ಮ ಬಾಗಿಲಲ್ಲೇ ಅಳೆದು ತೋರಿಸಬೇಕೆಂದು ಒಪ್ಪಂದದಲ್ಲಿ ಬರೆಸೋಣ.

ಬಿ-304
ಸರ್, ಒಂದು ಕಂಪನಿಯವರು ಬಂದು, ತಮಗೊಬ್ಬರಿಗೇ ಅವಕಾಶ ಕೊಟ್ಟರೆ ಪುಕ್ಕಟೆ ಹಾಕುತ್ತೇವೆ ಅಂದಿದ್ದರಂತೆ. ಅದು ಸರಿನಾ?

ಎ-1102
ಅದಕ್ಕೆ ಮಾತ್ರ ಸಹಿ ಹಾಕಬೇಡಿ. ಆಮೇಲೆ ಉಳಿದ ಸಿಮ್‌ನವರೆಲ್ಲ ಬಾಲ್ಕನಿಯಲ್ಲೇ ನಿಲ್ಲಬೇಕಾಗುತ್ತದೆ. ಎಲ್ಲ ಕಂಪನಿಗಳೂ ಒಂದೇ ಕೇಬಲ್ ಜಾಲ ಹಂಚಿಕೊಳ್ಳುವ ಹಾಗೆ ಇರಬೇಕು. ಕಟ್ಟಡದ ಒಳಗಿನ ಸೌಲಭ್ಯ ಹಂಚಿಕೊಳ್ಳಬೇಕೆಂದು ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ ಟ್ರಾಯ್ 2017ರಲ್ಲೇ ಶಿಫಾರಸು ಮಾಡಿದೆ. 2024ರ ಅಕ್ಟೋಬರಿನಲ್ಲಿ ಕಟ್ಟಡಗಳಿಗೆ ಡಿಜಿಟಲ್ ಸಂಪರ್ಕದ ಸ್ಟಾರ್ ಕೊಡುವ ನಿಯಮವನ್ನೂ ತಂದಿದೆ.

ಬಿ-702
ಹಾಗಾದರೆ ನಾವು ಈಗ ಏನು ಮಾಡಬೇಕು?

ಎ-1102
ಮೊದಲು ಅಳತೆ. ಆಂಡ್ರಾಯ್ಡ್ ಸೆಟ್ಟಿಂಗ್ಸ್‌ನಲ್ಲಿ ಅಬೌಟ್ ಫೋನ್, ಅಲ್ಲಿ ಸಿಮ್ ಸ್ಟೇಟಸ್ ನೋಡಿ. ಸಿಗ್ನಲ್ ಬಲವನ್ನು ಅಲ್ಲಿ ಡಿಬಿಎಂ ಎಂಬ ಅಳತೆಯಲ್ಲಿ ತೋರಿಸುತ್ತದೆ, ಸೊನ್ನೆಗೆ ಹತ್ತಿರವಾದಷ್ಟೂ ಒಳ್ಳೆಯದು. ಮೈನಸ್ 85 ಡಿಬಿಎಂ ಇದ್ದರೆ ಚೆನ್ನಾಗಿದೆ. ಮೈನಸ್ 115 ಇದ್ದರೆ ಕರೆ ಕಟ್ಟಾಗಬಹುದು. ಹಾಲ್, ಮಲಗುವ ಕೋಣೆ, ಲಿಫ್ಟ್, ಬೇಸ್‌ಮೆಂಟ್, ನಾಲ್ಕೂ ಕಡೆ ಬಾಗಿಲು ಮುಚ್ಚಿ ಅಳೆಯಿರಿ. ಯಾವ ಸಿಮ್ ಅಂತಲೂ ಬರೆಯಿರಿ. ಆಂಟೆನಾ ಬರುವವರೆಗೆ ಬ್ರಾಡ್‌ಬ್ಯಾಂಡ್ ಇರುವವರು ಫೋನಿನಲ್ಲಿ ವೈಫೈ ಕಾಲಿಂಗ್ ಆನ್ ಮಾಡಿಕೊಳ್ಳಿ, ಆಗ ಕರೆ ಟವರಿನ ಬದಲು ಮನೆಯ ವೈಫೈ ಮೂಲಕ ಹೋಗುತ್ತದೆ. ತುರ್ತಿಗೆ 112 ನೆನಪಿರಲಿ, ನಿಮ್ಮ ಸಿಮ್‌ಗೆ ಸಿಗ್ನಲ್ ಇಲ್ಲದಿದ್ದರೂ ಬೇರೆ ಕಂಪನಿಯ ಜಾಲದಲ್ಲಿ ಆ ಕರೆ ಹೋಗಬಹುದು.

ಬಿ-304
ಬಿ ಬ್ಲಾಕ್ ಪಟ್ಟಿ ನಾನು ಮಾಡುತ್ತೇನೆ. ಸ್ಮಾರ್ಟ್‌ಫೋನ್ ಇಲ್ಲದ ಹಿರಿಯರ ಮನೆಗೆ ನಾನೇ ಬಂದು ಅಳೆಯುತ್ತೇನೆ. ಭಾನುವಾರ ಹತ್ತಕ್ಕೆ ಕ್ಲಬ್‌ಹೌಸ್‌ನಲ್ಲಿ ಸಿಗೋಣ.

ಎ-105
ನಾನೂ ಬರುತ್ತೇನೆ. ಎ ಬ್ಲಾಕ್ ಕೆಳಗಿನ ಮೂರು ಮಹಡಿ ನನಗೆ ಬಿಡಿ.